ಮುಟ್ಟುವವರೆಗೆ ಎಲೆ ತೆಗೆಯಬೇಡ

ಪುಚೊಂಗ್, ಮಲೇಷ್ಯಾ
29 ಮೇ 2025, ಗುರುವಾರ

ಅಕ್ಕ,

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ. ಅದಕ್ಕೇ ಈ ಇಮೇಲ್. ಓದುತ್ತಾ ನಕ್ಕರೆ ನನಗೆ ಕೇಳಿಸುವುದಿಲ್ಲವಲ್ಲ.

ಚೈತನ್ಯಾಳ ಶಾಲೆಗೆ ಇವತ್ತಿನಿಂದ ರಜೆ. ಕೌಶಲ್ ಆಫೀಸಿಗೆ ಲೀವ್ ಹಾಕಿ ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದಿದ್ದಾರೆ. ವ್ಯಾನ್ ಎನ್ನುವುದು ಹೆಸರಿಗೆ ಮಾತ್ರ, ಅದೊಂದು ಚಕ್ರ ಇರುವ ಮನೆ. ಒಳಗೆ ಮಂಚ, ಗ್ಯಾಸ್ ಒಲೆ, ಪುಟ್ಟ ಫ್ರಿಜ್ ಎಲ್ಲ ಇದೆ. ಪಹಾಂಗ್ ಕಡೆ ಕಾಡಿನ ಅಂಚಿನಲ್ಲಿ ಬ್ರಿಟಿಷರ ಕಾಲದ ಒಂದು ದನದ ರ‍್ಯಾಂಚ್ ಇದೆಯಂತೆ. ಅಲ್ಲಿ ವ್ಯಾನ್ ನಿಲ್ಲಿಸಿಕೊಂಡು, ಹಗಲು ಜಿಂಕೆ ಪಾರ್ಕು, ಕಾಡುಪ್ರಾಣಿಗಳ ಪಾರ್ಕು ಎಂದು ಸುತ್ತುವುದು, ಸಂಜೆ ಬಂದು ವ್ಯಾನಿನಲ್ಲೇ ಅಡುಗೆ ಮಾಡಿ ಮಲಗುವುದು. ಇದು ಇವರ ಯೋಜನೆ.

ನನಗೆ ಈಗಲೇ ಕೈಕಾಲು ತಣ್ಣಗಾಗಿವೆ. ಮಧ್ಯೆ ಒಂದು ತಗಡಿನ ಗೋಡೆ, ಆಚೆ ಕಾಡು. ಹೇಳಿದರೆ, “ನೀನು ಲಿಫ್ಟಿಗೂ ಹೆದರ್ತೀಯ. ನಿನ್ನ ಮಾತು ಕೇಳ್ಕೊಂಡು ಕೂತ್ರೆ ನಾವು ಕಾಂಡೋ ಗೇಟೇ ದಾಟಲ್ಲ” ಅಂದರು. ಸುಳ್ಳಲ್ಲ. ಅಪ್ಪಯ್ಯ ಇಡೀ ಆಯುಷ್ಯ ಟೂರಿಸ್ಟ್ ಬಸ್ಸು ಓಡಿಸಿ ಊರವರಿಗೆಲ್ಲ ಘಾಟಿ, ಕಾಡು, ಸಮುದ್ರ ತೋರಿಸಿದವರು. ಅವರ ಹೊಟ್ಟೆಯಲ್ಲಿ ನನ್ನಂಥ ಪುಕ್ಕಲಿ ಹೇಗೆ ಹುಟ್ಟಿದಳೋ ಎಂದು ಅವರೇ ಕೇಳುತ್ತಿದ್ದರು, ನೆನಪಿದೆಯಾ? ನನ್ನ ಮಗಳು ಮಾತ್ರ ಅಜ್ಜಯ್ಯನ ಮೊಮ್ಮಗಳೇ. ಏಳು ವರ್ಷಕ್ಕೆ ಅವಳಿಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ. ನಾನು ಕನ್ನಡದಲ್ಲಿ ಗೋಳಾಡಿದರೆ ಅವಳದು ಇಲ್ಲಿಯವರ ‘ಲಾ’ ಸೇರಿಸಿದ ಇಂಗ್ಲಿಷಿನಲ್ಲಿ ಸಮಾಧಾನ. “ಡೋಂಟ್ ವರಿ ಲಾ, ಅಮ್ಮ.”

ಅಲ್ಲಿ ಫೋನ್ ಸಿಗ್ನಲ್ ಸಿಗುವುದಿಲ್ಲ. ರ‍್ಯಾಂಚಿನ ಆಫೀಸಿನಲ್ಲಿ ಮಾತ್ರ ವೈಫೈ. ಅದಕ್ಕೆ ಕೌಶಲ್ ಎರಡು ವಾಕಿಟಾಕಿ ತಂದಿದ್ದಾರೆ. ಬೆಳಗಿನಿಂದ ಅಪ್ಪ ಮಗಳು ಹಾಲ್‌ನಿಂದ ಬಾತ್‌ರೂಮಿಗೆ ಮಾತಾಡುತ್ತಿದ್ದಾರೆ. ದೇವರಲ್ಲಿ ಒಂದು ಮಾತು ಹೇಳಿಡು.

ತುಳಸಿ

•

ಕುಂದಾಪುರ
30 ಮೇ 2025

ತುಳಸಿ,

ನಕ್ಕೆ. ಜೋರಾಗಿಯೇ ನಕ್ಕೆ. ನಿನ್ನ ಭಾವ ಒಳಗಿನಿಂದ ಬಂದು, “ಎಂತ ಆಯ್ತು ಮಾರಾಯ್ತಿ?” ಎಂದು ಕೇಳಿದರು.

ನಗು ಮುಗಿಯಿತು, ಈಗ ಕೇಳು. ಬರುವ ಮಂಗಳವಾರ ಏನು ಗೊತ್ತುಂಟಾ? ಅಪ್ಪಯ್ಯ ಹೋಗಿ ವರ್ಷ. ನಿನ್ನ ಯೋಜನೆಯಲ್ಲಿ ಜಿಂಕೆಗೊಂದು ದಿನ ಇದೆ, ದನಕ್ಕೊಂದು ದಿನ ಇದೆ, ಅಪ್ಪಯ್ಯನ ಹೆಸರೇ ಇಲ್ಲ.

ಇಲ್ಲಿಯ ಕೆಲಸವನ್ನೆಲ್ಲ ನಿನ್ನ ಭಾವ ಮುಂದೆ ನಿಂತು ಮಾಡಿಸುತ್ತಾರೆ. ಆದರೆ ಅಪ್ಪಯ್ಯನಿಗೆ ಇದ್ದದ್ದು ನಾವಿಬ್ಬರೇ. ಇಬ್ಬರ ಕೈಯ ಎಡೆಯೂ ಬೇಕು. ನೀನು ಎಲ್ಲಿದ್ದರೂ ಸರಿ, ಒಂದು ಬಾಳೆಲೆ ಹುಡುಕು. ಅನ್ನ, ಒಂದು ಪಲ್ಯ, ಬಾಳೆಹಣ್ಣು, ಬೆಲ್ಲ. ಮತ್ತೆ ಹಲಸಿನ ಹಣ್ಣಿನ ಕಡುಬು, ಅದನ್ನು ಬಿಡಬೇಡ, ಅದೆಂದರೆ ಅವರಿಗೆ ಪ್ರಾಣ. ಹೊರಗೆ ಇಟ್ಟು, ಕೈ ಮುಗಿದು, ಅವರನ್ನು ಕರೆ. ಕಾಗೆ ಬಂದು ಮುಟ್ಟುವವರೆಗೆ ಎಲೆ ತೆಗೆಯಬೇಡ. ಸಂಜೆಯಾಗಲಿ, ಮರುದಿನವಾಗಲಿ, ಮುಟ್ಟುವವರೆಗೆ ತೆಗೆಯಬೇಡ. ನಿನಗೆ ಯಾವುದಕ್ಕೂ ತಾಳ್ಮೆಯಿಲ್ಲ, ಅದಕ್ಕೇ ಎರಡೆರಡು ಸಲ ಬರೆಯುತ್ತಿದ್ದೇನೆ.

ಪುಟ್ಟಿಗೂ ಹೇಳಿಕೊಡು. ಅವಳಿಗೆ ಅಜ್ಜಯ್ಯ ಎಂದರೆ ವಿಡಿಯೋ ಕಾಲಿನಲ್ಲಿ ಕಾಣುತ್ತಿದ್ದ ಮೂಗು ಮತ್ತು ಕನ್ನಡಕ, ಅಷ್ಟೇ ಆಗಬಾರದು.

ಅಕ್ಕ

•

ಪಹಾಂಗ್, ರ‍್ಯಾಂಚಿನ ಆಫೀಸಿನಿಂದ
2 ಜೂನ್ 2025

ಅಕ್ಕ,

ತಲುಪಿದೆವು. ದಾರಿಯುದ್ದಕ್ಕೂ ಆನೆಯ ಚಿತ್ರ ಬರೆದ ಹಳದಿ ಬೋರ್ಡುಗಳು. ಪ್ರತಿ ಬೋರ್ಡಿಗೂ ನಾನು ಕಣ್ಣು ಮುಚ್ಚಿದೆ, ಚೈತನ್ಯಾ ಚಪ್ಪಾಳೆ ತಟ್ಟಿದಳು.

ರ‍್ಯಾಂಚ್ ಚೆನ್ನಾಗಿದೆ ಎನ್ನಬೇಕು. ಕಂಬಗಳ ಮೇಲೆ ನಿಂತ ಮರದ ಬಂಗಲೆ, ದೊರೆಗಳು ಕಾಫಿ ಕುಡಿಯುತ್ತಿದ್ದ ಜಗಲಿ, ಉದ್ದನೆಯ ಹಾಲಿನ ಕೊಟ್ಟಿಗೆ. ದನಗಳು ಈಗ ಹತ್ತಿಪ್ಪತ್ತೇ ಇವೆ. ಬಂದವರ ಎದುರು ಹಾಲು ಕರೆದು ತೋರಿಸುತ್ತಾರೆ. ಹುಲ್ಲುಗಾವಲು ಮುಗಿದಲ್ಲಿ ಒಂದು ಸಣ್ಣ ಹೊಳೆ, ಹೊಳೆಯ ಆಚೆ ದಟ್ಟ ಕಾಡು. ನಮ್ಮ ವ್ಯಾನಿಗೆ ಕೊಟ್ಟ ಜಾಗ ಹೊಳೆಯ ಕಡೆಯ ಕೊನೆಯದು. ಕೌಶಲ್ ಕೇಳಿಯೇ ಪಡೆದದ್ದು. ವ್ಯೂ ಚೆನ್ನಾಗಿದೆಯಂತೆ.

ಒಂದು ವಿಷಯ ಕೇಳಬೇಕು. ಇಲ್ಲಿ ಎಲ್ಲ ಕಡೆ ಬೋರ್ಡು ಹಾಕಿದ್ದಾರೆ, ಹೊರಗೆ ಊಟ ತಿಂಡಿ ಇಡಬೇಡಿ ಎಂದು. ರ‍್ಯಾಂಚ್ ನೋಡಿಕೊಳ್ಳುವ ಮುನಿಯಾಂಡಿ ಎಂಬವರು ತಮಿಳರು. ನಾನು ತಮಿಳಿನಲ್ಲಿ ತಡವರಿಸಿದ್ದು ನೋಡಿ ಖುಷಿಯಾಗಿ, ಚಹಾ ಕೊಟ್ಟು, ಮತ್ತೆ ಅದನ್ನೇ ಹೇಳಿದರು. ಇದು ಹಣ್ಣಿನ ಕಾಲ, ಆನೆಗಳು ಹೊಳೆ ದಾಟುತ್ತವೆ, ಸಿಪ್ಪೆಯನ್ನೂ ಹೊರಗೆ ಎಸೆಯಬೇಡಿ ಅಂದರು. ನಾಳೆ ಎಲೆ ಇಡುವುದು ಹೇಗೆ? ವ್ಯಾನಿನ ಒಳಗೇ ಇಟ್ಟು ಕೈ ಮುಗಿದರೆ ಆಗುವುದಿಲ್ಲವಾ?

ಬೇಗ ಬರೆ. ಸಂಜೆ ಚಹಾದ ಹೊತ್ತಿಗೆ ಮತ್ತೆ ಆಫೀಸಿಗೆ ಬಂದು ನೋಡುತ್ತೇನೆ.

ತುಳಸಿ

•

ಕುಂದಾಪುರ
2 ಜೂನ್ 2025

ತುಳಸಿ,

ಬೋರ್ಡು ಹಾಕಿದ್ದು ಊಟಕ್ಕೆ. ಎಡೆ ಊಟ ಅಲ್ಲ. ಒಳಗೆ ಇಟ್ಟರೆ ಕಾಗೆ ನಿನ್ನ ಬಾಗಿಲು ತಟ್ಟಿಕೊಂಡು ಬರುತ್ತದಾ? ಹೊರಗೆ ಇಡು.

ಅಕ್ಕ

•

ರ‍್ಯಾಂಚಿನಿಂದ
4 ಜೂನ್ 2025, ಬುಧವಾರ ಬೆಳಿಗ್ಗೆ

ಅಕ್ಕ,

ಇಟ್ಟೆ. ನನಗೆ ಆನೆಗಿಂತ ನಿನ್ನ ಹೆದರಿಕೆಯೇ ಹೆಚ್ಚು, ಏನು ಮಾಡಲಿ.

ಹಲಸು ಸಿಗಲಿಲ್ಲ. ರಸ್ತೆ ಬದಿಯಲ್ಲಿ ಒಬ್ಬ ಮಲಯ್ ಹೆಂಗಸು ಚೆಂಪೆಡಾಕ್ ಮಾರುತ್ತಿದ್ದಳು. ಹಲಸಿನ ತಮ್ಮನಂಥ ಹಣ್ಣು. ಗಾತ್ರ ಸಣ್ಣದು, ಪರಿಮಳ ಎರಡು ಪಟ್ಟು. ಅದರಲ್ಲೇ ಕಡುಬು ಮಾಡಿದೆ, ಬಾಳೆಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದೆ. ವ್ಯಾನ್ ಇಡೀ ಘಮ್ಮೆಂದು ಕೌಶಲ್ ಮೂಗು ಮುಚ್ಚಿಕೊಂಡರು. ಮುನಿಯಾಂಡಿ ಅಣ್ಣ ಪೇಟೆಗೆ ಹೋದ ಹೊತ್ತು ನೋಡಿ, ವ್ಯಾನಿನ ಹಿಂದೆ ಒಂದು ಕಡಿದ ಮರದ ಬುಡವಿದೆ, ಅದರ ಮೇಲೆ ಎಲೆ ಇಟ್ಟೆ. ಚೈತನ್ಯಾ ನನ್ನ ಪಕ್ಕ ಕೈ ಮುಗಿದು ನಿಂತು, “ಅಜ್ಜಯ್ಯ, ಕಮ್ ಮಕಾನ್” ಎಂದು ಕರೆದಳು. ಇಲ್ಲಿ ಊಟಕ್ಕೆ ಮಕಾನ್ ಅನ್ನುತ್ತಾರೆ. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು.

ಕಾಗೆ ಬರಲಿಲ್ಲ. ಪುಚೊಂಗಿನಲ್ಲಿ ಕಸದ ಡಬ್ಬಿಗೆ ಹತ್ತು ಕಾಗೆ, ಇಲ್ಲಿ ಒಂದೂ ಇಲ್ಲ. ಮಧ್ಯಾಹ್ನ ಹೋಯಿತು, ಸಂಜೆಯಾಯಿತು, ಎಲೆ ಹಾಗೆಯೇ ಇತ್ತು. ತೆಗೆದುಬಿಡೋಣವೆಂದು ಎರಡು ಸಲ ಹೊರಗೆ ಹೋದೆ. ನಿನ್ನ ಮಾತು ನೆನಪಾಗಿ ವಾಪಸ್ ಬಂದೆ.

ಬೆಳಿಗ್ಗೆ ಎದ್ದು ನೋಡಿದರೆ ಏನೂ ಇಲ್ಲ, ಅಕ್ಕ. ಒಂದು ಅಗುಳು ಇಲ್ಲ. ಎಲೆಯೂ ಇಲ್ಲ. ಯಾರೋ ಒರೆಸಿಟ್ಟ ಹಾಗೆ ಮರದ ಬುಡ ಖಾಲಿ. ನನಗಿಂತ ಮೊದಲು ಎದ್ದಿದ್ದ ಕೌಶಲ್ ಅಲ್ಲೇ ಚಪ್ಪಲಿಯಿಂದ ಮಣ್ಣು ಕೆರೆಯುತ್ತಾ ನಿಂತಿದ್ದರು. “ಹಂದಿ ಇರ್ಬೇಕು, ಬಿಡು” ಅಂದರು. ಹಂದಿಯೋ ಯಾರೋ, ಎಡೆ ಮುಟ್ಟಿದ್ದಂತೂ ಆಯಿತು. ನಿನಗೆ ಸಮಾಧಾನವಾಗಲಿ ಎಂದು ಇಲ್ಲಿಗೆ ಓಡಿಬಂದು ಬರೆಯುತ್ತಿದ್ದೇನೆ. ಕಡುಬು ಇನ್ನೂ ಅರ್ಧ ಪಾತ್ರೆ ಉಳಿದಿದೆ. ಅಪ್ಪಯ್ಯನ ಹೆಸರಿನದ್ದು, ಎಸೆಯಲು ಮನಸ್ಸಿಲ್ಲ, ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ.

ತುಳಸಿ

•

ಕುಂದಾಪುರ
4 ಜೂನ್ 2025

ತುಳಸಿ, ನನ್ನ ಬಂಗಾರವೇ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ದೇವರ ಕೋಣೆಗೆ ಹೋಗಿ ಕೂತು ಅತ್ತೆ. ಈಗ ನಿನಗೊಂದು ವಿಷಯ ಹೇಳಬೇಕು. ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟಿದ್ದೆ.

ಕಳೆದ ವರ್ಷ ಹದಿಮೂರನೆಯ ದಿನ ಇಲ್ಲಿ ಎಲೆ ಇಟ್ಟಾಗ ಕಾಗೆ ಬರಲಿಲ್ಲ. ತೆಂಗಿನ ಮರದ ಮೇಲೆ ಕೂತಿತ್ತು, ಕೆಳಗೆ ಇಳಿಯಲಿಲ್ಲ. ನಿನ್ನ ಭಾವ ಕರೆದರು, ನಾನು ಕರೆದೆ, ಹರಕೆ ಹೇಳಿಕೊಂಡೆ. ಕೊನೆಗೆ ಎಲೆಯನ್ನು ಹೊಳೆಗೆ ಬಿಟ್ಟೆವು. ಕಾಗೆ ಮುಟ್ಟಿತೆಂದು ನಿನಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಅಪ್ಪಯ್ಯ ಕೊನೆಯ ತಿಂಗಳು ನನ್ನ ಮನೆಯಲ್ಲಿದ್ದರು. ನನ್ನಿಂದ ಏನು ತಪ್ಪಾಯಿತೋ, ಸಿಟ್ಟಿನಲ್ಲೇ ಹೋದರೋ ಎಂದು ಒಂದು ವರ್ಷ ಹೆದರಿಕೊಂಡೇ ಬದುಕಿದೆ. ನಿನ್ನೆ ಮಂಗಳವಾರವೂ ಇಲ್ಲಿ ಕಾಗೆ ಮುಟ್ಟಲಿಲ್ಲ.

ಅಲ್ಲಿಗೆ ಬಂದಿದ್ದಾರೆ! ನಿನ್ನ ಕೈಯದ್ದು ತಿಂದಿದ್ದಾರೆ, ಎಲೆಯನ್ನೂ ಬಿಟ್ಟಿಲ್ಲ. ಬಸ್ಸು ಓಡಿಸಿದವರಲ್ಲವಾ, ನಿಮ್ಮ ವ್ಯಾನ್ ಹುಡುಕಿಕೊಂಡು ಬಂದಿದ್ದಾರೆ. ಉಳಿದ ಕಡುಬನ್ನು ಎಸೆಯಬೇಡ, ಅದೂ ಅವರದ್ದೇ.

ಕೆಳಗಿನದ್ದನ್ನು ಪುಟ್ಟಿಗೆ ಓದಿ ಹೇಳು, ಒಂದಕ್ಷರ ಬಿಡಬೇಡ:

ಚೈತನ್ಯಾ ಪುಟ್ಟಿ, ನೀನು ಕರೆದದ್ದಕ್ಕೆ ಅಜ್ಜಯ್ಯನೇ ಬಂದು ಊಟ ಮಾಡಿದ್ದಾರೆ. ಅವರು ಈಗ ಯಾವ ರೂಪದಲ್ಲಿ ಬೇಕಾದರೂ ಬರುತ್ತಾರೆ. ಇನ್ನೊಮ್ಮೆ ಬಂದರೆ ಅಮ್ಮನ ಹಾಗೆ ಹೆದರಬಾರದು. ನಿನ್ನ ಕೈಯಾರೆ ಬಡಿಸಬೇಕು. ಆಯ್ತಾ?

ದೊಡ್ಡಮ್ಮ

•

ಕುಂದಾಪುರ
6 ಜೂನ್ 2025

ತುಳಸಿ,

ಎರಡು ದಿನವಾಯಿತು, ಉತ್ತರವಿಲ್ಲ. ಸುಳ್ಳು ಹೇಳಿದ್ದೆನೆಂದು ಸಿಟ್ಟಾ? ಸಿಟ್ಟಾದರೆ ಬೈದು ಬರೆ, ಸುಮ್ಮನಿರಬೇಡ. ಫೋನ್ ಹತ್ತುತ್ತಿಲ್ಲ. ಕೌಶಲ್‌ನದ್ದೂ ಹತ್ತುತ್ತಿಲ್ಲ. ಪುಟ್ಟಿಗೆ ಓದಿ ಹೇಳಿದೆಯಾ? ಏನಂದಳು?

ಅಕ್ಕ

•

ಕುಂದಾಪುರ
7 ಜೂನ್ 2025

ತುಳಸಿ,

ನಿನ್ನ ಪತ್ರವನ್ನು ಇವತ್ತು ಮತ್ತೆ ತೆಗೆದು ಓದಿದೆ. ಅವತ್ತು ಸಂತೋಷದಲ್ಲಿ ಓದಿದ್ದೆ, ಇವತ್ತು ನಿಧಾನವಾಗಿ ಓದಿದೆ. ‘ಎಲೆಯೂ ಇಲ್ಲ’ ಎಂದು ಬರೆದಿದ್ದೀಯ.

ಕಾಗೆ ಬಾಳೆಲೆ ತಿನ್ನುವುದಿಲ್ಲ, ತುಳಸಿ. ಹಂದಿಯಾದರೆ ಎಳೆದಾಡಿ ಚೆಲ್ಲುತ್ತದೆ.

ಆ ಮುನಿಯಾಂಡಿ ಹೇಳಿದ್ದನ್ನು ನೀನು ಬರೆದಿದ್ದೆ. ನಾನು ಅದನ್ನು ಓದಿಯೂ ಬಿಟ್ಟೆ. ಎಡೆ ಊಟ ಅಲ್ಲ ಎಂದು ದೊಡ್ಡದಾಗಿ ಬರೆದೆ. ನಿನ್ನ ಭಾವನಿಗೆ ಇನ್ನೂ ಏನೂ ಹೇಳಿಲ್ಲ. ನೀವು ಮೂವರೂ ಇದ್ದೀರಿ ಎಂದು ಒಂದೇ ಒಂದು ಸಾಲು ಬರೆ. ಕಡುಬನ್ನು ಎಸೆದುಬಿಡು. ದೂರ ಎಸೆ. ಅಲ್ಲಿಂದ ಹೊರಡಿ.

ಅಕ್ಕ

•

ಪುಚೊಂಗ್
9 ಜೂನ್ 2025

ಅಕ್ಕ,

ಮೂವರೂ ಇದ್ದೇವೆ. ಮೊದಲು ಅದನ್ನು ಓದಿಕೋ, ನೀರು ಕುಡಿ, ಮತ್ತೆ ಮುಂದಿನದ್ದು ಓದು.

ಫೋನುಗಳು ವ್ಯಾನಿನಲ್ಲೇ ಉಳಿದಿದ್ದವು. ಎರಡು ದಿನ ಆಸ್ಪತ್ರೆಯಲ್ಲಿದ್ದೆವು. ನಿನ್ನೆ ಮನೆಗೆ ಬಂದೆವು. ಒಂದೇ ಉಸಿರಿಗೆ ಬರೆಯುತ್ತಿದ್ದೇನೆ, ತಪ್ಪು ಅಕ್ಷರಗಳಿದ್ದರೆ ಸರಿಮಾಡಿಕೊಂಡು ಓದು.

ಗುರುವಾರ ಬೆಳಿಗ್ಗೆ ಕಾಡುಪ್ರಾಣಿಗಳ ಪಾರ್ಕಿಗೆ ಹೋಗಿದ್ದೆವು. ಅಲ್ಲಿ ಸಾಕಿದ ಆನೆಗಳಿವೆ. ಮಾವುತರು ಪಕ್ಕದಲ್ಲಿ ನಿಂತು ಮಕ್ಕಳ ಕೈಯಿಂದ ಕಬ್ಬು ಕೊಡಿಸುತ್ತಾರೆ. ಚೈತನ್ಯಾ ಕೊಟ್ಟಳು. ಸೊಂಡಿಲು ಅಂಗೈ ಮುಟ್ಟಿದಾಗ ಕಿಲಕಿಲ ನಕ್ಕಳು. ನಾನು ಬೇಲಿಯ ಈಚೆ ನಿಂತು ಫೋಟೋ ತೆಗೆದೆ. ಹಿಂದಿನ ದಿನವಷ್ಟೇ ನೀನು ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದೆ, ಒಂದಕ್ಷರವೂ ಬಿಡದೆ.

ಸಂಜೆ ರ‍್ಯಾಂಚಿಗೆ ವಾಪಸ್ ಬಂದೆವು. ಇನ್ನೂ ಬೆಳಕಿತ್ತು. ಕೌಶಲ್ ಐಸ್ ತರುತ್ತೇನೆಂದು ಆಫೀಸಿಗೆ ನಡೆದರು. ನಾನು ಉಳಿದ ಕಡುಬಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಬಿಸಿಮಾಡಿ, ಉರಿ ಆರಿಸಿ, ಸ್ನಾನಕ್ಕೆ ಹೋದೆ. ಸ್ನಾನದ ಮನೆ ಹಾಲಿನ ಕೊಟ್ಟಿಗೆಯ ಹತ್ತಿರ ಇದೆ, ವ್ಯಾನಿನಿಂದ ದೂರವೇನಲ್ಲ, ಕೂಗಿದರೆ ಕೇಳಿಸುವಷ್ಟು. ಚೈತನ್ಯಾ ಮಂಚದ ಮೇಲೆ ಚಿತ್ರ ಬಿಡಿಸುತ್ತಿದ್ದಳು. ಬಾಗಿಲು ಹಾಕಿಕೋ ಅಂದೆ, ಹಾಕಿಕೊಂಡಳು. ಒಂದು ವಾಕಿಟಾಕಿ ಅವಳ ಹತ್ತಿರ, ಒಂದು ನನ್ನ ಹತ್ತಿರ.

ಹೊರಗೆ ಬಂದಾಗ ನಮ್ಮ ವ್ಯಾನಿನ ಪಕ್ಕ ಇನ್ನೊಂದು ವ್ಯಾನ್ ಬಂದು ನಿಂತಿದೆ ಅಂದುಕೊಂಡೆ. ಬೂದು ಬಣ್ಣದ್ದು, ನಮ್ಮದಕ್ಕಿಂತ ಎತ್ತರದ್ದು. ಇಷ್ಟು ಜಾಗ ಬಿಟ್ಟು ಇಲ್ಲೇ ಯಾಕೆ ನಿಲ್ಲಿಸಿದರು ಎಂದು ಸಿಟ್ಟೂ ಬಂತು. ಅಷ್ಟರಲ್ಲಿ ಅದರ ಕಿವಿ ಅಲ್ಲಾಡಿತು.

ಯಾರೋ ನನ್ನ ರಟ್ಟೆ ಹಿಡಿದರು. ಮುನಿಯಾಂಡಿ ಅಣ್ಣ. “ಅಕ್ಕಾ, ಓಡಾದೀಂಗ”, ಓಡಬೇಡಿ, ಎಂದು ಕಿವಿಯಲ್ಲಿ ಹೇಳಿದರು. ವಾಕಿಟಾಕಿ ಒತ್ತಿ, “ಪುಟ್ಟಿ, ಕಿಟಕಿ ಮುಚ್ಚು, ಕೆಳಗೆ ಕೂತ್ಕೋ” ಅಂದೆ. ನನ್ನ ದನಿ ವ್ಯಾನಿನೊಳಗೆ ಗರಗರ ಎಂದದ್ದಕ್ಕೆ ಆನೆ ತಲೆ ತಿರುಗಿಸಿತು. ಅವಳ ಉತ್ತರ ಬಂತು. ಪಿಸುಮಾತಿನಲ್ಲಿ.

“ಅಮ್ಮ, ಶ್ಶ್. ಡೋಂಟ್ ಶೌಟ್. ಅಜ್ಜಯ್ಯ ಈಸ್ ಹಿಯರ್.”

ಮುನಿಯಾಂಡಿ ಅಣ್ಣ ನನ್ನ ಕೈಯಿಂದ ವಾಕಿಟಾಕಿ ಕಸಿದು ಆರಿಸಿದರು. ಇನ್ನೊಂದು ಮಾತು ಆ ಕಡೆಯಿಂದ ಗರಗುಟ್ಟಿದರೆ ಆನೆ ಬೆದರುತ್ತದೆ ಎಂದರು. ಅವರು ಮಾಡಿದ್ದು ಸರಿ. ಆದರೆ ನನ್ನ ಮಗಳು ಅಲ್ಲಿ, ನಾನು ಇಲ್ಲಿ, ನನಗೆ ಬಾಯಿ ತೆರೆಯುವ ಹಾಗಿಲ್ಲ. ಆ ಹೊತ್ತು ನಿನಗೆ ಹೇಗೆ ಹೇಳಲಿ?

ಕಿಟಕಿಯ ಗಾಜು ಸರಿಯಿತು, ಅಕ್ಕ. ಒಳಗಿನಿಂದ ಸರಿಯಿತು. ಇವಳ ಪುಟ್ಟ ಕೈ ಹೊರಗೆ ಬಂತು, ಅದರಲ್ಲಿ ಒಂದು ಕಡುಬು. ಸೊಂಡಿಲು ಅದನ್ನು ಮೂಸಿ ತೆಗೆದುಕೊಂಡು ಬಾಯಿಗೆ ಹಾಕಿತು. ಕೈ ಒಳಗೆ ಹೋಗಿ ಇನ್ನೊಂದು ಕಡುಬು ಹಿಡಿದು ಬಂತು. ಮತ್ತೊಂದು. ಎಲೆ ಸಮೇತ ನುಂಗುತ್ತಿತ್ತು. ನಾನು ಅಂಗೈ ಕಚ್ಚಿಕೊಂಡು ನಿಂತಿದ್ದೆ, ಹಲ್ಲಿನ ಗುರುತು ಇನ್ನೂ ಇದೆ. ಮುನಿಯಾಂಡಿ ಅಣ್ಣನ ಜನ ಕೊಟ್ಟಿಗೆಯ ಹಿಂದಿನಿಂದ ಕೌಶಲ್‌ನನ್ನು ಕರೆಯಲು ಓಡಿದರು.

ಪಾತ್ರೆ ಖಾಲಿಯಾಯಿತು. ಇವಳು ಪಾತ್ರೆಯನ್ನೇ ಕಿಟಕಿಗೆ ತಂದು ಬೋರಲು ಹಿಡಿದು ತೋರಿಸಿದಳು. “ನೋ ಮೋರ್, ಅಜ್ಜಯ್ಯ. ಫಿನಿಶ್.” ಅಷ್ಟು ಮೌನವಿತ್ತು, ನನಗೆ ನೇರವಾಗಿ ಕೇಳಿಸಿತು.

ಸೊಂಡಿಲು ಕಿಟಕಿಯೊಳಗೆ ಹೋಯಿತು. ಹುಡುಕಿತು. ಪಾತ್ರೆಗಳು ಬಿದ್ದ ಸದ್ದು, ಗಾಜು ಒಡೆದ ಸದ್ದು, ಆಮೇಲೆ ಅವಳ ಕಿರುಚಾಟ. ಆನೆ ಹಣೆ ಒತ್ತಿತು, ವ್ಯಾನಿನ ಈ ಕಡೆಯ ಚಕ್ರಗಳು ನೆಲ ಬಿಟ್ಟು ಎದ್ದವು. ನಾನು ಓಡಿದೆ, ಮುನಿಯಾಂಡಿ ಅಣ್ಣ ನನ್ನ ಸೊಂಟ ಹಿಡಿದು ನೆಲಕ್ಕೆ ಕೆಡವಿದರು. ಅದೇ ಹೊತ್ತಿಗೆ ಕೌಶಲ್ ರ‍್ಯಾಂಚಿನ ಜೀಪಿನಲ್ಲಿ ಹಾರ್ನ್ ಒತ್ತಿ ಹಿಡಿದುಕೊಂಡೇ ನುಗ್ಗಿ ಬಂದರು. ಎಲ್ಲರೂ ತಗಡು ಬಡಿದರು. ಆನೆ ಸೊಂಡಿಲು ಎಳೆದುಕೊಂಡಿತು, ಪರದೆಯೂ ಅದರ ಜೊತೆ ಬಂತು. ಪರದೆಯನ್ನು ಎಳೆದುಕೊಂಡೇ ಹೊಳೆಗೆ ಇಳಿದು ಆಚೆ ದಾಟಿತು.

ಗಾಜು ತಾಗಿ ಇವಳ ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿತ್ತು. ಹೊಲಿಗೆ ಹಾಕಿದ್ದಾರೆ. ಬೆರಳು ಎಲ್ಲ ಆಡಿಸುತ್ತಾಳೆ. ಆಸ್ಪತ್ರೆಯಲ್ಲಿ ತುಂಬಾ ಅತ್ತಳು. ನೋವಿಗೆ ಎಂದುಕೊಂಡೆ. ಅಲ್ಲ. “ಅಜ್ಜಯ್ಯ ಗಾಟ್ ಆಂಗ್ರಿ. ಕಡುಬು ನಾಟ್ ಇನಫ್.” ಅದನ್ನೇ ಹೇಳಿ ಹೇಳಿ ಅತ್ತಳು.

ಕೌಶಲ್ ಬುಧವಾರ ಬೆಳಿಗ್ಗೆಯೇ ಮರದ ಬುಡದ ಹತ್ತಿರ ಹೆಜ್ಜೆ ಗುರುತು ನೋಡಿದ್ದರಂತೆ. ನಾನು ಮನೆಗೆ ಹೋಗೋಣವೆಂದು ಹಟ ಹಿಡಿಯುತ್ತೇನೆಂದು ಚಪ್ಪಲಿಯಲ್ಲಿ ಅಳಿಸಿಬಿಟ್ಟರಂತೆ. ಈಗ ಮುಖ ಎತ್ತುತ್ತಿಲ್ಲ. ಎಲೆ ಇಟ್ಟವಳು ನಾನೇ ಎಂದು ಮುನಿಯಾಂಡಿ ಅಣ್ಣನ ಹತ್ತಿರ ಹೇಳಿದೆ. ಅವರು ತಲೆಗೆ ಕಟ್ಟಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು.

ತುಳಸಿ

•

ಕುಂದಾಪುರ
10 ಜೂನ್ 2025

ತುಳಸಿ,

ನಿನ್ನ ಭಾವನಿಗೆ ಎಲ್ಲ ಹೇಳಿದೆ. ಅವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಬಿಡಲಿ. ಆನೆಗುಡ್ಡೆ ಗಣಪತಿಗೆ ಪುಟ್ಟಿಯ ಹೆಸರಿನಲ್ಲಿ ಪಂಚಕಜ್ಜಾಯ ಹೇಳಿಕೊಂಡಿದ್ದೇನೆ. ನಾನು ಮಾಡಿದ್ದು ತಪ್ಪೇ. ನೀನು ಕಳಿಸಿದ ಅವಳ ಕೈಯ ಫೋಟೋ ನೋಡಿ ಬೆಳಗಿನಿಂದ ಒಲೆ ಹಚ್ಚಿಲ್ಲ.

ಆದರೆ ಒಂದು ಮಾತು, ಬೈಯಬೇಡ. ಅಷ್ಟು ದೊಡ್ಡ ಕಾಡಾನೆ ಅಷ್ಟು ಹೊತ್ತು ಒಂದು ಮಗುವಿನ ಕೈಯಿಂದ ಮೆತ್ತಗೆ ತಿನ್ನುತ್ತದಾ? ಕೈ ಎಳೆಯಲಿಲ್ಲ. ಗಾಜು ತಾಗಿತೇ ಹೊರತು ಅದು ಅವಳನ್ನು ಮುಟ್ಟಲಿಲ್ಲ. ಅದಕ್ಕೆ ಕಾರಣ ಏನು ಹೇಳು? ನನ್ನ ಮನಸ್ಸು ಒಂದೇ ಹೇಳುತ್ತದೆ. ಅಪ್ಪಯ್ಯನೇ. ಪುಟ್ಟಿಗೆ ತಿಳಿದದ್ದು ನಿನಗೆ ತಿಳಿಯಲಿಲ್ಲ.

ಅಕ್ಕ

•

ಪುಚೊಂಗ್
12 ಜೂನ್ 2025

ಅಕ್ಕ,

ನಿನ್ನ ಪತ್ರವನ್ನು ಇವಳಿಗೆ ಓದಿ ಹೇಳಲಿಲ್ಲ. ಹೇಳುವುದೂ ಇಲ್ಲ.

ಇವತ್ತು ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದೆ. ಮಲಗುವ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಹೋಗಿ ನೋಡಿದರೆ ಇವಳು ಕುರ್ಚಿ ಹತ್ತಿ, ಒಂದು ಮೊಣಕಾಲನ್ನು ಕಿಟಕಿಯ ಕಟ್ಟೆಯ ಮೇಲೆ ಊರಿ, ಹೊಲಿಗೆ ಹಾಕಿದ ಕೈಯನ್ನು ಹೊರಗೆ ಚಾಚಿದ್ದಾಳೆ. ಕೈಯಲ್ಲಿ ಸುಲಿದ ಬಾಳೆಹಣ್ಣು. ಆ ಕಿಟಕಿಗೆ ಗ್ರಿಲ್ ಇಲ್ಲ. ನಾವಿರುವುದು ಹನ್ನೊಂದನೆಯ ಮಹಡಿಯಲ್ಲಿ.

ಕೂಗಲಿಲ್ಲ. ಮುನಿಯಾಂಡಿ ಅಣ್ಣ ಕಲಿಸಿದ್ದನ್ನು ಮಾಡಿದೆ. ಉಸಿರು ಬಿಗಿಹಿಡಿದು ತುದಿಗಾಲಲ್ಲಿ ಹೋಗಿ ಸೊಂಟ ತಬ್ಬಿ ಎಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಬಾಳೆಹಣ್ಣು ಕೆಳಗೆ ಹೋಯಿತು. ಅದು ನೆಲ ಮುಟ್ಟಿದ ಸದ್ದು ಕೇಳಲು ನಾನು ಕಾದೆ, ಕೇಳಿಸಲೇ ಇಲ್ಲ.

ಅಜ್ಜಯ್ಯನಿಗೆ ಹೊಟ್ಟೆ ತುಂಬಿಲ್ಲವಂತೆ. ಇಲ್ಲಿಗೆ ಆನೆಯಾಗಿ ಬರಲು ಆಗುವುದಿಲ್ಲ, ಹಕ್ಕಿಯಾಗಿ ಬರಬಹುದಂತೆ. “ಎನಿ ಶೇಪ್ ಹಿ ಕ್ಯಾನ್ ಕಮ್. ದೊಡ್ಡಮ್ಮ ಸೆಡ್.” ಅದು ಅಜ್ಜಯ್ಯ ಅಲ್ಲ ಎಂದು ನಾನು ಹೇಳಿದೆ, ಕೌಶಲ್ ಹೇಳಿದರು, ಗದರಿಸಿದೆವು, ಮುದ್ದು ಮಾಡಿದೆವು. ನನ್ನ ಮಾತಿಗೆ ಬೆಲೆಯೇ ಇಲ್ಲ. ಅಮ್ಮನಿಗೆ ಎಲ್ಲದಕ್ಕೂ ಹೆದರಿಕೆ, ದೊಡ್ಡಮ್ಮ ಸುಳ್ಳು ಹೇಳುವುದಿಲ್ಲ, ಇದು ಅವಳ ಲೆಕ್ಕ.

ಕಿಟಕಿಗಳನ್ನೆಲ್ಲ ಹಗ್ಗದಲ್ಲಿ ಕಟ್ಟಿದ್ದೇವೆ. ನಾಳೆ ಗ್ರಿಲ್ ಹಾಕುವವರು ಬರುತ್ತಾರೆ. ಶಾಲೆಯ ಕಿಟಕಿಗೆ ಏನು ಮಾಡಲಿ? ಗೆಳತಿಯರ ಮನೆಯ ಬಾಲ್ಕನಿಗೆ ಏನು ಮಾಡಲಿ? ಹಿಂದೆಲ್ಲ ನನ್ನದು ಬರೀ ಪುಕ್ಕಲುತನ, ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಇದು ಹಾಗಲ್ಲ. ಅವಳು ಬಾತ್‌ರೂಮಿಗೆ ಹೋದರೂ ನಾನು ಬಾಗಿಲ ಹೊರಗೆ ನಿಲ್ಲುತ್ತೇನೆ.

ಹಾಕಿದ ಗಂಟನ್ನು ನೀನೇ ಬಿಚ್ಚಬೇಕು. ಅವಳಿಗೆ ಬರೆ. ‘ಇರಬಹುದು, ಇಲ್ಲದಿರಬಹುದು’ ಎಂದು ಬರೆಯಬೇಡ. ಅಪ್ಪಯ್ಯ ಬಂದಿದ್ದರು ಎನ್ನುವುದು ನಿನಗೆ ಎಷ್ಟು ದೊಡ್ಡ ಸಮಾಧಾನ ಎಂದು ನನಗೆ ಗೊತ್ತು, ಅಕ್ಕ. ಅದನ್ನೇ ಕೇಳುತ್ತಿದ್ದೇನೆ. ಕೊಟ್ಟುಬಿಡು.

ತುಳಸಿ

•

ಕುಂದಾಪುರ
13 ಜೂನ್ 2025

ಚೈತನ್ಯಾ ಪುಟ್ಟಿ,

ಇದನ್ನು ಅಮ್ಮ ನಿನಗೆ ಓದಿ ಹೇಳುತ್ತಾಳೆ. ಮೊದಲು ಅಮ್ಮನ ಮಡಿಲಲ್ಲಿ ಕೂತ್ಕೋ.

ರ‍್ಯಾಂಚಿನಲ್ಲಿ ನಿನ್ನ ಕಿಟಕಿಗೆ ಬಂದದ್ದು ಅಜ್ಜಯ್ಯ ಅಲ್ಲ. ಆನೆ. ಅದಕ್ಕೆ ಹಸಿವಾಗಿತ್ತು, ಹಣ್ಣಿನ ವಾಸನೆ ಹಿಡಿದು ಬಂತು. ಅದಕ್ಕೆ ನಿನ್ನ ಹೆಸರು ಗೊತ್ತಿಲ್ಲ. ನನ್ನ ಹೆಸರೂ ಗೊತ್ತಿಲ್ಲ. ಇನ್ನೂ ಸ್ವಲ್ಪ ಹೊತ್ತು ಇದ್ದಿದ್ದರೆ ಅದು ನಿನ್ನನ್ನು ಕೊಲ್ಲುತ್ತಿತ್ತು.

ಅಜ್ಜಯ್ಯ ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿಲ್ಲ. ಕಡುಬು ಸಾಕಾಗಲಿಲ್ಲ ಎಂದು ಅಳಬೇಡ. ಸತ್ತವರಿಗೆ ಹಸಿವಾಗುವುದಿಲ್ಲ, ಮಗಳೇ.

ಅಜ್ಜಯ್ಯ ನನ್ನ ಮನೆಯಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ ಸತ್ತರು. ನಾನು ಅವರ ಕೈ ಹಿಡಿದುಕೊಂಡಿದ್ದೆ. ಮೊದಲು ಬೆರಳು ತಣ್ಣಗಾಯಿತು, ಆಮೇಲೆ ಅಂಗೈ. ನಾನು ಕರೆದೆ, ಅವರು ಓಗೊಡಲಿಲ್ಲ. ಆಮೇಲೆಯೂ ತುಂಬಾ ಸಲ ಕರೆದೆ. ಕಾಗೆಯನ್ನು ಕರೆದೆ, ಎಲೆ ಇಟ್ಟೆ. ಅವರು ಬರಲಿಲ್ಲ. ಅಲ್ಲಿಗೂ ಬಂದಿರಲಿಲ್ಲ. ಅವರು ಯಾವ ರೂಪದಲ್ಲೂ ಬರುವುದಿಲ್ಲ.

ನಿನಗೆ ನಾನು ಸುಳ್ಳು ಹೇಳಿದೆ. ಯಾಕೆ ಗೊತ್ತಾ? ನನಗೆ ಹೆದರಿಕೆಯಾಗಿತ್ತು. ಎಲ್ಲರೂ ಅಮ್ಮನನ್ನು ಪುಕ್ಕಲಿ ಅನ್ನುತ್ತೇವೆ. ದೊಡ್ಡಮ್ಮ ಅವಳಿಗಿಂತ ಪುಕ್ಕಲಿ. ಅಜ್ಜಯ್ಯ ನನ್ನ ಮೇಲೆ ಸಿಟ್ಟಿನಲ್ಲಿ ಹೋದರೋ ಏನೋ ಎಂದು ಹೆದರಿದ್ದೆ. ಎಲೆ ಖಾಲಿಯಾಯಿತು ಎಂದು ಅಮ್ಮ ಬರೆದಾಗ, ಯಾರು ತಿಂದರು ಎಂದು ಕೇಳುವಷ್ಟೂ ನನಗೆ ಧೈರ್ಯವಿರಲಿಲ್ಲ. ಅಜ್ಜಯ್ಯ ಎಂದುಬಿಟ್ಟೆ. ಇನ್ನು ನಾನೂ ಹಾಗೆ ಹೇಳುವುದಿಲ್ಲ. ನಿನಗೆ ಹೇಳಿದ ಮೇಲೆ ನಾನೂ ನಂಬಬೇಕಲ್ಲ.

ಕಿಟಕಿಯ ಹೊರಗೆ ಯಾರಿಗೂ ಏನೂ ಕೊಡಬೇಡ. ಆನೆಗೂ ಬೇಡ, ಹಕ್ಕಿಗೂ ಬೇಡ. ಒಂದು ದಿನ ದೊಡ್ಡಮ್ಮನೂ ಸಾಯುತ್ತಾಳೆ. ಆಗ ಯಾರಾದರೂ, ನಿನ್ನ ಅಮ್ಮನೇ ಆಗಲಿ, ದೊಡ್ಡಮ್ಮ ಬಂದಿದ್ದಾಳೆ ಎಂದು ಹೇಳಿದರೆ ಕಿಟಕಿ ತೆಗೆಯಬೇಡ, ಪುಟ್ಟಿ. ನಾನು ಬಂದಿರುವುದಿಲ್ಲ.

ದೊಡ್ಡಮ್ಮ